ಚಕ್ಕೆಯಲ್ಲಿ ಬೇರು

ಹೂವು ಅರಳಿದ್ದನ್ನು ಮಾನಮ್ಮ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ತೊಗಲು ನೆನೆಹಾಕಿದ ತೊಟ್ಟಿಗೆ ನೀರು ಹೊಯ್ಯಲೆಂದು ಚಪ್ಪರದೊಳಗೆ ಹೋದವಳು ಕೊಡ ಸೊಂಟದಲ್ಲಿದ್ದಂತೆಯೇ ನಿಂತುಬಿಟ್ಟಳು. ನಿನ್ನೆ ಸಂಜೆಯವರೆಗೂ ಬಿಗಿದುಕೊಂಡಿದ್ದ ಮೊಗ್ಗು ಬಿಚ್ಚಿಕೊಂಡಿತ್ತು. ಮೇಲೊಂದು ಹಸಿರು ಪಕಳೆ, ಅದರ ಅಂಚಿಗೆ ಬಿಳುಪು. ಆಚೀಚೆ ಮೀಸೆಯ ಹಾಗೆ ಎರಡು ಕಂದು ಪಕಳೆ. ನಡುವೆ, ಕೆಳಗೆ, ಎಣ್ಣೆ ತಿಕ್ಕಿದಂತೆ ಹೊಳೆಯುವ ಒಂದು ಚೀಲ, ಥೇಟು ಕಾಲಿಗೆ ಮೆಟ್ಟುವ ಕೆರದ ಮುಂಭಾಗ. ಆರು ವರ್ಷ ಕಾದಿದ್ದಳು. ಕಾದದ್ದು ಕಣ್ಣೆದುರು ಬಂದು ನಿಂತಾಗ ಅವಳಿಗೆ ಮೊದಲು ಬಂದದ್ದು ಸಂತೋಷವಲ್ಲ, ಸಿಟ್ಟು. ಥೂ ನಿನ್ನ, ಇವತ್ತೇ ಯಾಕೆ ಅರಳಿದೆ? ಇನ್ನೆರಡು ದಿನ ಮುಚ್ಚಿಕೊಂಡಿರಲು ನಿನಗೇನಾಗಿತ್ತು? ಇವತ್ತು ಮಧ್ಯಾಹ್ನ ಅಕ್ಕಿ ಗಿರಣಿಯ ಶರಣಯ್ಯನವರ ಮನೆಯಿಂದ ಆಳು ಬರುತ್ತಾನೆ, ಗಿಡ ಒಯ್ಯುತ್ತಾನೆ. ನಾಳೆ ಅವರ ಮನೆಗೆ ಹೊಸ ಕಲೆಕ್ಟರರ ಹೆಂಡತಿ ಚಹಾಕ್ಕೆ ಬರುತ್ತಾಳಂತೆ, ಆಕೆಗೆ ಹೂವೆಂದರೆ ಪ್ರಾಣವಂತೆ. ನಾಲ್ಕು ದಿನದ ಹಿಂದೆ ಶರಣಯ್ಯನವರ ಹೆಂಡತಿ ಚನ್ನಮಲ್ಲಮ್ಮ ಗಿರಣಿಯ ಹಿತ್ತಲಿನಲ್ಲಿ ನಿಂತು ಹೇಳಿದಾಗ ಮಾನಮ್ಮ ಹೂಂ ಅಂದಿದ್ದಳು. ಮೊಗ್ಗು ಅರಳದಿದ್ದರೆ ಅರಳಿಲ್ಲರಿ ಯವ್ವಾ ಅಂದು ತಪ್ಪಿಸಿಕೊಳ್ಳಬಹುದೆಂಬ ಲೆಕ್ಕವಿತ್ತು. ಈಗ ಅದೂ ಹೋಯಿತು.

ಆ ಗಿಡ ಅವಳ ಕೈಗೆ ಬಂದದ್ದು ಕಸದಿಂದ. ಯುದ್ಧ ಇನ್ನೂ ನಡೆಯುತ್ತಿದ್ದಾಗ ಅವಳು ಸ್ಟೇಷನ್ನಿನ ಹಿಂದಿನ ಒಂದು ಬಂಗಲೆಯಲ್ಲಿ ಅಂಗಳ ಗುಡಿಸುತ್ತಿದ್ದಳು. ಅಲ್ಲಿಯ ಮೇಮ್‌ಸಾಬ್ ಅಸ್ಸಾಮಿನ ಕಡೆಯಿಂದ ಮೂರು ಕುಂಡ ತರಿಸಿ, ಅವಕ್ಕೆ ಪರದೆ ಕಟ್ಟಿಸಿ, ದಿನಕ್ಕೆ ಮೂರು ಸಲ ನೀರು ಚಿಮುಕಿಸಿ, ಮಕ್ಕಳಂತೆ ಮಾತಾಡಿಸುತ್ತಿದ್ದಳು. ರಾಯಚೂರಿನ ಬಿಸಿಲು ಯಾರ ಮಾತು ಕೇಳುತ್ತದೆ? ಒಂದೇ ಸಲ ಹೂ ಬಿಟ್ಟು ಎರಡು ಸತ್ತವು. ವರ್ಗವಾಗಿ ಹೊರಟ ದಿನ ಮೂರನೆಯದನ್ನೂ ಸತ್ತಿತೆಂದೇ ಹಿತ್ತಲ ತಿಪ್ಪೆಗೆ ಎಸೆದು ಹೋದರು. ಒಂದೂವರೆ ಎಲೆ ಇತ್ತು. ಮಾನಮ್ಮ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬರುವಾಗ ಗೇಟಿನ ಕಾವಲಿನವನು ತಡೆದು ಸೆರಗು ಬಿಚ್ಚಿಸಿದ. ನೋಡಿ ನಕ್ಕ. 'ಬೆಳ್ಳಿ ಚಮಚ ಒಯ್ಯೋರನ್ನ ಕಂಡೀನಿ, ಕಸ ಕದಿಯೋಕಿನ್ನ ಇವತ್ತ ಕಂಡೆ,' ಅಂದ. ಕದ್ದದ್ದಲ್ಲ, ಬಿಸಾಕಿದ್ದು ಎಂದು ಅವಳು ಹೇಳಬಹುದಿತ್ತು. ಹೇಳಲಿಲ್ಲ. ಅವನ ಜೊತೆ ತಾನೂ ನಕ್ಕಳು. ಆ ನಗುವನ್ನು ನೆನೆದರೆ ಈಗಲೂ ಅವಳ ದವಡೆ ಬಿಗಿಯುತ್ತದೆ.

ಓಣಿಗೆ ತಂದಮೇಲೆ ನೆಡಲು ಮಣ್ಣೆಲ್ಲಿತ್ತು? ತೊಗಲು ಹದ ಮಾಡುವವರ ಓಣಿಯಲ್ಲಿ ಕಾಲಿಟ್ಟಲ್ಲೆಲ್ಲ ಸುಣ್ಣ, ಕೂದಲು, ಚಕ್ಕೆ. ಗಂಡ ಯಂಕೋಬ ಮಾನ್ವಿಯ ಕಡೆಯ ಅಡವಿಯಿಂದ ಬಂಡಿಗಟ್ಟಲೆ ತಂಗಡಿ ಗಿಡದ ತೊಗಟೆಯ ಚಕ್ಕೆ ತರುತ್ತಿದ್ದ. ಅದನ್ನು ಕುಟ್ಟಿ, ತೊಟ್ಟಿಯಲ್ಲಿ ತೊಗಲಿನ ಜೊತೆ ನೆನೆಹಾಕಿ, ಅದರ ಒಗರೆಲ್ಲ ತೊಗಲು ಕುಡಿದ ಮೇಲೆ ಬರೀ ಸಿಪ್ಪೆಯನ್ನು ಹೊರಗೆ ಒಟ್ಟುತ್ತಿದ್ದರು. ಆ ಒಟ್ಟಲಿನಿಂದಲೇ ಎರಡು ಬೊಗಸೆ ತೆಗೆದು ಒಡಕು ಗಡಿಗೆಗೆ ತುಂಬಿ ಗಿಡ ನಿಲ್ಲಿಸಿ, ತೊಟ್ಟಿಯ ಪಕ್ಕದಲ್ಲಿ ಬಿಟ್ಟಳು, ಬದುಕಿದರೆ ಬದುಕಲಿ ಎಂದು. ಅದು ಬದುಕಿತು. ವೈಶಾಖದಲ್ಲಿ ಇಡೀ ರಾಯಚೂರು ಹಂಚಿನ ಮೇಲಿನ ರೊಟ್ಟಿಯಾದಾಗಲೂ ಆ ಚಪ್ಪರದ ನೆಲ ಒಣಗುತ್ತಿರಲಿಲ್ಲ. ದಿನವೆಲ್ಲ ತೊಗಲಿಗೆ ನೀರು, ತೊಟ್ಟಿಯಿಂದ ಏಳುವ ತೇವ, ಮೇಲೆ ದಪ್ಪ ಸೋಗೆಯ ನೆರಳು. ಪರದೆ ಕಟ್ಟಿ ಕೊಡಲಾಗದ್ದನ್ನು ಹಸಿ ತೊಗಲು ಕೊಟ್ಟಿತ್ತು. ಆದರೆ ಅದರ ನಿಧಾನ! ವರ್ಷಕ್ಕೆ ಒಂದು ಎಲೆ, ಮನಸ್ಸು ಬಂದರೆ ಎರಡು. ಮಗಳನ್ನು ದೇವದುರ್ಗಕ್ಕೆ ಕೊಟ್ಟ ವರ್ಷ ಮೂರನೆಯ ಎಲೆ, ಮೊಮ್ಮಗ ಹುಟ್ಟಿದ ವರ್ಷ ನಾಲ್ಕನೆಯದು, ಓಣಿಗೆ ಕಾಲರಾ ಬಂದ ವರ್ಷ ಬುಡದ ಮಗ್ಗುಲಲ್ಲಿ ಒಂದು ಮರಿ, ನಿಜಾಮರ ರಾಜ್ಯ ಹೋದ ತಿಂಗಳು ನಟ್ಟನಡುವೆ ಮೊಗ್ಗು. ಅತ್ತೆ ಬೂದೆಮ್ಮ ಹೊಸ್ತಿಲ ಮೇಲೆ ಕೂತು ಅಡಿಕೆ ಕುಟ್ಟುತ್ತ ಅನ್ನುತ್ತಿದ್ದಳು: 'ಏನ್ ಬೇ, ಆ ನಾಕು ಎಲಿ ಮುಂದ ಕುಂತು ಏನ್ ಎಣಸಾಕತ್ತೀ? ಇಷ್ಟೊತ್ತಿಗಿ ನಾನು ನಾಕು ಮಕ್ಕಳ ಹಡದು ಒಬ್ಬನ ಲಗ್ನ ಮಾಡಿದ್ದೆ.' ಮಾನಮ್ಮನಿಗೂ ನಗು ಬರುತ್ತಿತ್ತು. ಆದರೂ ದಿನಾ ಬೆಳಿಗ್ಗೆ ಗಡಿಗೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಚಕ್ಕೆಯೊಳಗೆ ಬೆರಳು ಇಳಿಸಿ ತೇವ ನೋಡುವುದನ್ನು ಅವಳು ಬಿಡಲಿಲ್ಲ. ಇಡೀ ದಿನದಲ್ಲಿ ಯಾರೂ ಹೇಳದೆ, ಯಾರಿಗೂ ಅಲ್ಲದೆ ಅವಳು ಮಾಡುತ್ತಿದ್ದ ಕೆಲಸ ಅದೊಂದೇ.

ಈಗ ಕೊಡ ಇಳಿಸಿ ಅಲ್ಲೇ ಕೂತಳು. ಕೂತರೆ ಆ ಮರಿಯ ನೆನಪು ಬರುತ್ತದೆಂದು ಗೊತ್ತಿತ್ತು, ಬಂತು. ಹೋದ ಆಷಾಢದಲ್ಲಿ ಅವಳು, ತಾನಾಗಿ, ಯಾರೂ ಕೇಳದೆ, ಚನ್ನಮಲ್ಲಮ್ಮನಿಗೆ ಗಿಡದ ಮಾತು ಹೇಳಿದ್ದಳು. ಗಿರಣಿಯ ಯಂತ್ರ ತಿರುಗಿಸುವ ತೊಗಲ ಪಟ್ಟಾ ಹೊಲಿಯುವುದು ಯಂಕೋಬನ ಕೆಲಸ. ಹರಿದ ಪಟ್ಟಾ ತರಲು, ಹೊಲಿದದ್ದು ಕೊಡಲು ಇವಳೂ ಹೋಗುತ್ತಿದ್ದಳು. ಗಿರಣಿಯ ಹಿಂದೆಯೇ ಅವರ ಮನೆ, ಮನೆಯ ಹಿತ್ತಲಲ್ಲಿ ಗುಲಾಬಿ, ಕನಕಾಂಬರ, ಸೂಜಿಮಲ್ಲಿಗೆ. ಚನ್ನಮಲ್ಲಮ್ಮ ಸ್ವತಃ ಕಳೆ ಕೀಳುತ್ತ ಕೂತಿರುತ್ತಿದ್ದಳು, ಉಗುರಲ್ಲಿ ಮಣ್ಣು ತುಂಬಿಕೊಂಡು. ಅದನ್ನು ನೋಡಿಯೇ ಮಾನಮ್ಮನ ಬಾಯಿ ಸಡಿಲಾದದ್ದು. ನಮ್ಮನಿಯಾಗ ಒಂದು ಗಿಡ ಅದರಿ ಯವ್ವಾ, ಇಂಥಾದ್ದು ಈ ಸೀಮೆಯಾಗ ಯಾರ ಹತ್ತರನೂ ಇಲ್ಲ ಎಂದುಬಿಟ್ಟಳು. ಜಂಭ. ಮತ್ತೇನು? ಒಂದು ಸಲವಾದರೂ ತನ್ನ ಹತ್ತಿರ ಇರುವುದನ್ನು ಅವರು ಕೇಳಲಿ ಎಂಬ ಜಂಭ. ಚನ್ನಮಲ್ಲಮ್ಮ ಕೇಳಿದಳು. 'ಮರಿ ಇದ್ದರ ಒಂದು ಕೊಡು ಮಾನಮ್ಮ. ಎಂಥ ಮಣ್ಣಾಗ ಇಟ್ಟೀದಿ?' ತೊಗಲು ತೊಟ್ಟಿಯ ಚಕ್ಕೆ ಎಂದರೆ ಆ ಹೆಂಗಸು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾಳೆ, ಮುಖ ಹೇಗಾಗುತ್ತದೆಂದು ಅವಳಿಗೆ ಗೊತ್ತು, ಹುಟ್ಟಿದಾಗಿನಿಂದ ಗೊತ್ತು. 'ಮಾಮೂಲಿ ಮಣ್ಣರಿ ಯವ್ವಾ,' ಅಂದಳು.

ಅಷ್ಟಕ್ಕೇ ನಿಲ್ಲಲಿಲ್ಲ ಅವಳು. ಮರಿಯನ್ನು ಬಿಡಿಸಿ, ಬಾವಿಕಟ್ಟೆಗೆ ಒಯ್ದು, ಬೇರು ತೊಳೆದಳು. ಒಂದೊಂದೇ ಬೇರನ್ನು ಬೆರಳ ನಡುವೆ ಹಿಡಿದು, ಕಚ್ಚಿಕೊಂಡಿದ್ದ ಚಕ್ಕೆಯ ಚೂರನ್ನು ಉಗುರಿನಿಂದ ಕೆತ್ತಿ, ಸೀಗೆಪುಡಿ ಹಾಕಿ ತಿಕ್ಕಿ ಮೂರು ನೀರಲ್ಲಿ ತೊಳೆದಳು. ಬೇರಿನ ಕಂದು ರೋಮ ಸಿಪ್ಪೆಯಂತೆ ಸುಲಿದು ನೀರಲ್ಲಿ ತೇಲಿತು. ಮೂಗಿಗೆ ಹಿಡಿದು ನೋಡಿದಳು. ಇನ್ನೂ ವಾಸನೆ ಇದೆ ಎನ್ನಿಸಿತು, ಮತ್ತೆ ತಿಕ್ಕಿದಳು. ಆಗ ಅವಳು ಗಿಡ ತೊಳೆಯುತ್ತಿರಲಿಲ್ಲ, ತನ್ನ ಮನೆಯನ್ನು ತೊಳೆಯುತ್ತಿದ್ದಳು. ಅತ್ತೆಯನ್ನು, ಗಂಡನನ್ನು, ತನ್ನ ಎರಡು ಕೈಗಳನ್ನು. ಮುತ್ತಲ ಎಲೆಯಲ್ಲಿ ಸುತ್ತಿ ಕೊಟ್ಟಾಗ ಚನ್ನಮಲ್ಲಮ್ಮ ಹಿಗ್ಗಿ, ಒಂದು ಉಂಡೆ ಬೆಲ್ಲ ತರಿಸಿ ಮೇಲಿನಿಂದ ಇವಳ ಬೊಗಸೆಗೆ ಬಿಟ್ಟಳು. ಅವರ ಹಿತ್ತಲಲ್ಲಿ ಆ ಮರಿಗೆ ಎರೆ ಮಣ್ಣು, ಸಗಣಿ ಗೊಬ್ಬರ, ದಿನಾ ಎರಡು ತಂಬಿಗೆ ನೀರು. ನಲವತ್ತು ದಿನಕ್ಕೆ ಕೊಳೆತು ಹೋಯಿತು. 'ನೋಡು, ಸತ್ತೋತು. ನಿನ್ನ ಕೈಗುಣ ಸರಿ ಇಲ್ಲ ಕಾಣತದ,' ಅಂದಳು ಚನ್ನಮಲ್ಲಮ್ಮ, ಬೈಯ್ಯುವ ದನಿಯಲ್ಲೂ ಅಲ್ಲ, ಸಂಕಟದಲ್ಲಿ. ಮಾನಮ್ಮ ಏನಂದಳು? 'ಹೌದ್ರಿ ಯವ್ವಾ' ಅಂದಳು. ಹೌದ್ರಿ ಯವ್ವಾ! ತನ್ನ ಕೈಗುಣ ಸರಿ ಇಲ್ಲವೆಂದು ತಾನೇ ಒಪ್ಪಿ ಬಂದಳು. ಆರು ವರ್ಷ ಜೀವ ಹಿಡಿದಿಟ್ಟ ಕೈ ಇದು. ಆ ಮಾತು ನೆನಪಾದಾಗಲೆಲ್ಲ, ರೊಟ್ಟಿ ತಟ್ಟುವಾಗ, ಸಂತೆಯಲ್ಲಿ ಮೆಣಸಿನಕಾಯಿ ಆರಿಸುವಾಗ, ಒಬ್ಬಳೇ ಇದ್ದರೂ ಅವಳು ಛೀ ಎಂದು ಗಟ್ಟಿಯಾಗಿ ಅಂದುಬಿಡುತ್ತಾಳೆ. 'ಯಾರಿಗಿ ಬೈಯಾಕತ್ತೀ?' ಎಂದು ಬೂದೆಮ್ಮ ಕೇಳುತ್ತಾಳೆ.

ಮಧ್ಯಾಹ್ನ ಶರಣಯ್ಯನವರ ಮನೆಯ ಮಾಲಿ ಸುಂಕಪ್ಪ ಬಂದ. ಗುಂಜಹಳ್ಳಿಯ ಒಕ್ಕಲುತನದವನು, ಒಳ್ಳೆಯ ಮನುಷ್ಯ, ಆದರೆ ಓಣಿಯೊಳಗೆ ಬರಲಿಲ್ಲ. ಬೇವಿನ ಮರದ ಕೆಳಗೆ ನಿಂತು ಟವಲು ಮೂಗಿಗೆ ಒತ್ತಿಕೊಂಡು ಕೂಗಿದ. ಅವನ ಕಾಲ ಬಳಿ ನೀಲಿ ಬಳ್ಳಿಯ ಚಿತ್ತಾರದ ಚೀನಿ ಕುಂಡ, ಅದರ ತುಂಬ ನುಣ್ಣಗೆ ಜರಡಿ ಹಿಡಿದ ಎರೆ ಮಣ್ಣು.

'ಮಾನಮ್ಮಾ, ಗಿಡ ಅಷ್ಟೇ ಇದರಾಗ ಇಟ್ಟು ಕೊಡಬೇಕಂತ. ಹಳಿ ಮಣ್ಣು ಮನಿಯಾಗ ಬರೋದು ಬ್ಯಾಡಂತ ಅವ್ವಾರು ಹೇಳ್ಯಾರ. ಬೇರು ತೊಳದು ಕೊಡು, ಹೋದ ಸಲ ಕೊಟ್ಟಂಗ.'

ಹೋದ ಸಲ ಕೊಟ್ಟಂಗ. ಯಂಕೋಬ ಅಂಗಳದಲ್ಲಿ ಪಟ್ಟಾ ಚಾಚಿಕೊಂಡು, ಎರಡು ತುದಿ ಕೂಡಿಸಿ ಬಾರು ಹೊಲಿಯುತ್ತ ಕೂತಿದ್ದ. ತಲೆ ಎತ್ತದೆ, 'ಕೊಟ್ಟು ಕಳಸು ಬೇ,' ಅಂದ. 'ಒಂದು ಗಿಡದ ಸಲುವಾಗಿ ಗಿರಣಿ ಕೆಲಸ ಕಳಕೊಳ್ಳಾಕ ಆಗತದೇನು? ನಾಳಿಗಿ ಈ ಪಟ್ಟಾ ಏರಬೇಕು.'

'ಹೂ ಬಿಟ್ಟದ,' ಅಂದಳು ಮಾನಮ್ಮ.

ಅವನು ಉಳಿ ಇಟ್ಟು ಎದ್ದು ಬಂದ. ಆರು ವರ್ಷ ಅದನ್ನು ನಿನ್ನ ಎಲಿ, ನಿನ್ನ ಎಲಿ ಎಂದು ಆಡಿಕೊಂಡವನು ಗಡಿಗೆಯ ಮುಂದೆ ಬಗ್ಗಿ, ಕಣ್ಣು ಕಿರಿದು ಮಾಡಿ, ಆ ಚೀಲವನ್ನು ಸುತ್ತಲಿಂದಲೂ ನೋಡಿದ. ಹಿಂದೆ ನೋಡಿದ, ಕೆಳಗೆ ನೋಡಿದ. ಮುಟ್ಟಲು ಹೋಗಿ ತನ್ನ ಬೆರಳ ಮೇಲಿನ ಅಂಟು ಕಂಡು ಬಿಟ್ಟ. 'ಎಲ್ಲಿ ಹೊಲದಾನ ನೋಡು ಮಗಾ,' ಅಂದ, ಯಾರಿಗೋ. 'ಒಂದು ಹೊಲಿಗಿ ಕಾಣಂಗಿಲ್ಲ.' ಆಮೇಲೆ ಹೋಗಿ ಪಟ್ಟಾದ ಮುಂದೆ ಕೂತ, ಕೊಡು ಎಂದಾಗಲಿ ಬೇಡ ಎಂದಾಗಲಿ ಮತ್ತೆ ಅನ್ನಲಿಲ್ಲ. ಹೊಸ್ತಿಲಿನಿಂದ ಬೂದೆಮ್ಮ, 'ದೇವರ ತಲಿಮ್ಯಾಲ ಇಡೋ ಹೂವೇನು ಅದು? ಕೆರದಂಗ ಅದ. ಒಯ್ದರ ಒಯ್ಯಲಿ ಬಿಡು,' ಅಂದಳು.

ಮಾನಮ್ಮ ಗಡಿಗೆಯನ್ನು ಓರೆ ಮಾಡಿ, ಬುಡಕ್ಕೆ ತಟ್ಟಿ, ಗಿಡವನ್ನು ಇಡಿಯಾಗಿ ಅಂಗೈಗೆ ಇಳಿಸಿಕೊಂಡಳು. ಗಡಿಗೆಯ ಆಕಾರದಲ್ಲೇ ಬೇರು ಬಂತು. ಎಷ್ಟು ಬೇರು! ಮೇಲೆ ವರ್ಷಕ್ಕೊಂದು ಎಲೆ ಕೊಡುತ್ತ ಸೋಮಾರಿಯಂತೆ ಕೂತದ್ದು ಒಳಗೆ ಇಷ್ಟು ಕೆಲಸ ಮಾಡಿತ್ತು. ಒಂದೊಂದು ಬೇರೂ ಚಕ್ಕೆಯ ಚೂರುಗಳನ್ನು ತಬ್ಬಿ ಹಿಡಿದಿತ್ತು, ಯಾವುದು ಬೇರು ಯಾವುದು ಚಕ್ಕೆ ಹೇಳಲಾಗದಂತೆ. ಸುಣ್ಣದ ಬಿಳಿ ಕಲೆ, ಅಲ್ಲೊಂದು ಇಲ್ಲೊಂದು ದನದ ಕೂದಲು. ಬಕೆಟ್ಟಿನ ನೀರಲ್ಲಿ ಅದ್ದಿದಳು. ಅವಳ ಕೈ ತಾನಾಗಿ ಕೆಲಸ ಶುರು ಮಾಡಿತು. ಹೆಬ್ಬೆರಳು ಮತ್ತು ತೋರುಬೆರಳು ಕೂಡಿ ಒಂದು ಬೇರು ಹಿಡಿದು ಕೆಳಕ್ಕೆ ಎಳೆದವು, ಒಂದು ಚಕ್ಕೆ ಬಿಟ್ಟು ಬಂತು, ಅದರ ಜೊತೆ ಬೇರಿನ ಚರ್ಮವೂ ಬಂತು, ಒಳಗೆ ಹಸಿ ಬಿಳಿ ಎಳೆ ಕಂಡಿತು. ಅದು ಕಂಡಾಗ ಮಾನಮ್ಮನಿಗೆ ಮೈಯೆಲ್ಲ ಝುಂ ಅಂದಿತು. ಯಾರೂ ಇವಳ ಕೈ ಹಿಡಿದು ತಿಕ್ಕಿಸುತ್ತಿಲ್ಲ. ಚನ್ನಮಲ್ಲಮ್ಮ ಇಲ್ಲಿಲ್ಲ. ಸುಂಕಪ್ಪ ಅಷ್ಟು ದೂರ ಬೇವಿನ ನೆರಳಲ್ಲಿದ್ದಾನೆ. ತಿಕ್ಕುತ್ತಿರುವುದು ಇವೇ ಎರಡು ಬೆರಳು, ದಿನಾ ಬೆಳಿಗ್ಗೆ ಚಕ್ಕೆಯಲ್ಲಿ ಇಳಿಯುವ ಬೆರಳು. ಕೊಲ್ಲಲು ಹೇಳುವವರು ಅವರು, ಕೊಲ್ಲುವವಳು ನಾನು. ಇದೇ ಕೈ, ಇದೇ ನೀರು, ಮತ್ತೊಮ್ಮೆ! ಹೂವು ಅರಳಿ ನಿಂತಿರುವಾಗ!

'ಸಾಕು,' ಅಂದಳು, ಗಟ್ಟಿಯಾಗಿ. ಯಂಕೋಬ ತಲೆ ಎತ್ತಿದ. ಅವಳು ಗಿಡವನ್ನು ನೀರಿನಿಂದ ತೆಗೆದು, ಗಡಿಗೆಗೆ ಇಳಿಸಿ, ಒಟ್ಟಲಿನಿಂದ ಎರಡು ಹಿಡಿ ಹೊಸ ಚಕ್ಕೆ ತಂದು, ಬೇಕೆಂದೇ ತುಂಬ ಒದ್ದೆಯಾದದ್ದನ್ನು, ಬೇಕೆಂದೇ ವಾಸನೆ ಇರುವುದನ್ನು ತಂದು, ಸುತ್ತ ಒತ್ತಿದಳು. ಕೈ ತೊಳೆಯಲಿಲ್ಲ. ಗಡಿಗೆಯನ್ನು ಬಗಲಿಗೆ ಎತ್ತಿಕೊಂಡು ಬೇವಿನ ಮರದ ತನಕ ಹೋಗಿ, 'ಸುಂಕಪ್ಪಾ, ನಿನ್ನ ಕುಂಡ ನೀ ಹೊತಗೋ. ನಾನ ಬರತೀನಿ,' ಅಂದಳು.

'ಹಿಂಗ? ಇದೇ ಗಡಿಗಿ ತಗೊಂಡು? ಅವ್ವಾರು ನನಗ ಬೈತಾರ ಬೇ!'

'ನಿನಗ್ಯಾಕ ಬೈತಾರ? ಬೈಸಿಕೊಳ್ಳಾಕ ನಾ ಹೊಂಟೀನಲ್ಲ.'

ದಾರಿಯಲ್ಲಿ ಅವನು ಹತ್ತು ಮಾರು ಮುಂದೆ, ಗಿಡವಿಲ್ಲದ ಬೆಡಗಿನ ಕುಂಡ ಹೊತ್ತು, ಅವಳು ಹಿಂದೆ. ತೀನ್ ಕಂದೀಲ್ ಚೌಕದ ಹತ್ತಿರ ಜನ ತಿರುಗಿ ನೋಡಿದರು, ಮೊದಲು ಹೂವನ್ನು, ಆಮೇಲೆ ಮೂಗು ಅರಳಿಸಿ ಅವಳನ್ನು. ಹೆದರಿಕೆ ಇಲ್ಲವೆಂದಲ್ಲ, ಗಿರಣಿ ಹೋದರೆ ಹೊಸ ಪಟ್ಟಾ ಹೊಲಿಸುವವರು ಈ ಊರಲ್ಲಿ ಮತ್ತೆ ಯಾರಿದ್ದಾರೆ, ಯಂಕೋಬ ಮತ್ತೆ ಹಳ್ಳಿ ಹಳ್ಳಿ ತಿರುಗಿ ಕೆರ ಹೊಲಿಯಬೇಕು, ಜಾಲಹಳ್ಳಿಯ ತನಕ. ಅದೆಲ್ಲ ಗೊತ್ತಿದ್ದೇ ಅವಳ ಕಾಲು ನಡೆಯುತ್ತಿದ್ದವು. ಸುಂಕಪ್ಪ ಹಿತ್ತಲ ಬಾಗಿಲಿಗೆ ತಿರುಗಿದ. ಅವಳು ತಿರುಗಲಿಲ್ಲ, ನೇರ ಹೋಗಿ ಮುಂದಿನ ಪಡಸಾಲೆಯ ಮೆಟ್ಟಿಲ ಮೇಲೆ ಗಡಿಗೆ ಇಟ್ಟಳು.

ಶರಣಯ್ಯನವರು ಕುರ್ಚಿಯಲ್ಲಿದ್ದರು. ಚನ್ನಮಲ್ಲಮ್ಮ ಒಳಗಿನಿಂದ ಬಂದವಳು ಹೂವನ್ನು ಕಂಡು ಅಲ್ಲೇ ಕೂತುಬಿಟ್ಟಳು, ಮೆಟ್ಟಿಲ ಮೇಲೆ, ಸೀರೆಯ ಪರಿವೆ ಇಲ್ಲದೆ. 'ಅಯ್ಯ ನನ್ನ ಶಿವನ!' ಅಂದಳು. ಅವಳ ಕಣ್ಣಲ್ಲಿ ನೀರು ಬಂದದ್ದನ್ನು ಮಾನಮ್ಮ ನೋಡಿದಳು. ಆ ಕ್ಷಣ ಎಲ್ಲ ಕೊಟ್ಟುಬಿಡಬೇಕೆನ್ನಿಸಿತು. ಇಡೀ ಊರಲ್ಲಿ ಈ ಗಿಡವನ್ನು ಹೀಗೆ ನೋಡಬಲ್ಲವರು ತಾವಿಬ್ಬರೇ. ಅಷ್ಟರಲ್ಲಿ ಚನ್ನಮಲ್ಲಮ್ಮನ ಮೂಗು ಸುಕ್ಕಾಯಿತು.

'ಇದೇನ್ ವಾಸನಿ?'

'ತೊಗಲ ತೊಟ್ಟಿ ಚಕ್ಕಿರಿ ಯವ್ವಾ. ಇದು ಇದರಾಗ ಬೆಳದದ. ಇದರಾಗಷ್ಟೇ ಬದುಕತದ.' ಮಾತು ಬಂದ ಮೇಲೆ ನಿಲ್ಲಲಿಲ್ಲ. 'ಹೋದ ಸಲ ನಿಮಗ ಸುಳ್ಳು ಹೇಳಿದೆ. ಮಾಮೂಲಿ ಮಣ್ಣು ಅಂದೆ. ನಿಮಗ ಹೇಸಿಕಿ ಆಗಬಾರದಂತ ಬೇರು ತಿಕ್ಕಿ ತಿಕ್ಕಿ ತೊಳದು ಕೊಟ್ಟೆ. ಅದರ ಜೀವ ತಗದಾಕಿ ನಾನ. ಕೈಗುಣ ಸರಿ ಇಲ್ಲಂದ್ರಿ, ಹೌದಂದೆ. ಅದೂ ಸುಳ್ಳರಿ. ನನ್ನ ಕೈಗುಣ ಚೊಲೊ ಅದ. ನೋಡ್ರಿ, ನಿಮ್ಮ ಕಣ್ಣ ಮುಂದನ ಅದ.'

ಚನ್ನಮಲ್ಲಮ್ಮ ಹೂವಿನಿಂದ ಕಣ್ಣು ತೆಗೆದು ಮಾನಮ್ಮನನ್ನು ನೋಡಿದಳು. ಆಮೇಲೆ ಮೆಲ್ಲಗೆ, 'ದಿನಾ ನೀರು ಹಾಕಿ ಹಾಕಿ ನಾನೇ ಕೊಂದೆ ಅಂತ ಅತ್ತಿದ್ದೆ ನಾನು. ಯಾಕ ಹೇಳಲಿಲ್ಲ ನೀನು?' ಅಂದಳು.

'ಹೇಳಿದ್ದರ ತಗೋತಿದ್ದಿರೇನ್ರಿ?'

ಉತ್ತರ ಶರಣಯ್ಯನವರಿಂದ ಬಂತು. ಗದರಲಿಲ್ಲ ಅವರು, ವ್ಯಾಪಾರಸ್ಥರು, ಸುಲಭದ ದಾರಿ ಹುಡುಕಿದರು. 'ಆತು ಬಿಡು, ಆಗಿದ್ದು ಆತು. ಮ್ಯಾಲ ಒಂದು ಪದರ ಬಿಳಿ ಮರಳು ಹಾಕಿ, ಸುತ್ತ ಜರಿ ಕಾಗದ ಕಟ್ಟಿ, ನಾಕು ಊದಿನಕಡ್ಡಿ ಹಚ್ಚಿದರ ಯಾರಿಗಿ ಗೊತ್ತಾಗತದ? ಕಲೆಕ್ಟರ ಹೆಂಡತಿ ಕೇಳಿದರ ನಮ್ಮ ತ್ವಾಟದ್ದು ಅಂದರಾತು. ನಾಡಿದ್ದ ಬಂದು ಒಯ್ಯಿ.'

'ಮುಚ್ಚೋದು ಬ್ಯಾಡ್ರಿ ಯಪ್ಪಾ.'

'ಏನಂದಿ?'

'ಮರಳು ಬ್ಯಾಡ, ಕಾಗದ ಬ್ಯಾಡ. ಇಡೋದಾದರ ಹಿಂಗ ಇಡ್ರಿ. ಮಾನಮ್ಮ ಬೆಳಸ್ಯಾಳ, ತೊಗಲ ತೊಟ್ಟಿ ಚಕ್ಕಿಯಾಗ ಬೆಳಸ್ಯಾಳ ಅಂತ ಆಕಿಗಿ ಹೇಳ್ರಿ. ಹೇಳಾಕ ಆಗಂಗಿಲ್ಲಂದರ ನಾ ಒಯ್ತೀನಿ.'

ಶರಣಯ್ಯನವರ ಮುಖ ಕೆಂಪಾಯಿತು. 'ಹಂಗಾದರ ನಿನ್ನ ಗಂಡಗ ಹೇಳು, ನಾಳಿಂದ ಪಟ್ಟಾ ಮುಟ್ಟೋದು ಬ್ಯಾಡಂತ.'

'ಹೇಳತೀನ್ರಿ,' ಅಂದಳು ಮಾನಮ್ಮ. ದನಿ ನಡುಗಿತು, ನಡುಗಿದರೆ ನಡುಗಲಿ ಎಂದು ಮುಂದುವರಿಸಿದಳು. 'ಅವ ಮುಟ್ಟಂಗಿಲ್ಲ. ಆದರ ಪಟ್ಟಾ ಹರಿಯೋದು ಬಿಡಂಗಿಲ್ಲರಿ.'

ಬಗ್ಗಿ ಗಡಿಗೆಗೆ ಕೈ ಹಾಕಿದಾಗ ಚನ್ನಮಲ್ಲಮ್ಮ ಗಡಬಡಿಸಿ, 'ತಡಿ, ತಡಿ,' ಅಂದಳು. ಗಂಡನ ಕಡೆ ನೋಡಲಿಲ್ಲ. 'ಇದು ಇಲ್ಲೇ ಇದ್ದರ, ಹಿಂಗೇ ಇದ್ದರ... ನೀರು ಎಷ್ಟು ಹಾಕಬೇಕು? ಅದನ್ನರ ಹೇಳು.'

'ಅಳತಿ ಇಲ್ಲರಿ ಯವ್ವಾ. ಚಕ್ಕಿಯೊಳಗ ಬೆರಳು ಇಳಸಬೇಕು, ಎರಡು ಗೆಣ್ಣು. ಬೆರಳಿಗಿ ತಂಪು ಹತ್ತಿದರ ಬ್ಯಾಡ, ಹತ್ತಲಿಲ್ಲಂದರ ಹಾಕಬೇಕು. ಇಳಸಿ ನೋಡ್ರಿ.'

ಚನ್ನಮಲ್ಲಮ್ಮ ಬಲಗೈ ಚಾಚಿದಳು. ಬಳೆ ಸರಿದು ಮುಂದೆ ಬಂದವು. ಉಗುರಿನ ಸಂದಿಯಲ್ಲಿ ಬೆಳಗಿನ ತೋಟದ ಮಣ್ಣು ಇನ್ನೂ ಇತ್ತು. ಬೆರಳು ಎಲೆಗಳ ನಡುವೆ ಇಳಿದು, ಚಕ್ಕೆಯ ಮೇಲೆ, ಒಂದು ಜೋಳದ ಕಾಳಿನಷ್ಟು ಮೇಲೆ ನಿಂತಿತು. ಮಾನಮ್ಮ ಆ ಬೆರಳನ್ನೇ ನೋಡಿದಳು. ಇಳಿಸು ತಾಯಿ, ಇಳಿಸಿಬಿಡು, ನಿನ್ನ ಕಾಲಿಗೆ ಬೀಳುತ್ತೇನೆ, ಇದನ್ನು ಇಲ್ಲೇ ಬಿಟ್ಟು ಹೋಗುತ್ತೇನೆ ಎಂದು ಒಳಗೇ ಬೇಡಿಕೊಂಡಳು, ಅಷ್ಟು ಬೇಡಿಕೊಂಡದ್ದಕ್ಕೆ ಆಮೇಲೆ ಅವಳಿಗೇ ನಾಚಿಕೆಯಾಯಿತು. ಬೆರಳು ಹಿಂದಕ್ಕೆ ಹೋಯಿತು. ಚನ್ನಮಲ್ಲಮ್ಮ ಅದನ್ನು ಸೆರಗಿಗೆ ಒರೆಸಿಕೊಂಡಳು, ಏನನ್ನೂ ಮುಟ್ಟಿರದ ಬೆರಳನ್ನು, ಎರಡು ಸಲ. ಒರೆಸುತ್ತಿದ್ದೇನೆಂದು ತಿಳಿದು ತಲೆ ತಗ್ಗಿಸಿದಳು.

ಮಾನಮ್ಮ ಗಡಿಗೆ ಎತ್ತಿ ಬಗಲಲ್ಲಿಟ್ಟುಕೊಂಡಳು. ಚಕ್ಕೆಯ ನೀರು ಸೋರಿ ಅವಳ ಸೀರೆಯ ಮೇಲೆ, ಪಡಸಾಲೆಯ ಕಲ್ಲಿನ ಮೇಲೆ ಕಂದಾಗಿ ಇಳಿಯಿತು. ಅವಳಿಗೆ ಈಗ ಸಿಟ್ಟಿರಲಿಲ್ಲ, ಹೆದರಿಕೆಯೂ ಇರಲಿಲ್ಲ. ಆ ಬಗ್ಗಿದ ತಲೆಯನ್ನು ನೋಡಿ ಅಯ್ಯೋ ಅನ್ನಿಸಿತು, ಆದರೆ ಅಯ್ಯೋ ಎಂದು ಗಿಡ ಇಳಿಸುವಷ್ಟು ಅನ್ನಿಸಲಿಲ್ಲ.

'ಗಾಬರಿ ಆಗಬ್ಯಾಡ್ರಿ ಯವ್ವಾ,' ಅಂದಳು. 'ಇದು ಗುಲಾಬಿಯಂಗ ನಾಳಿಗಿ ಉದುರೋ ಹೂ ಅಲ್ಲ. ಬಂಗಲೆಯಾಗ ನೋಡೀನಿ ನಾನು, ಎರಡು ತಿಂಗಳು ಹಿಂಗ ನಿಂತಿರತದ. ನಿಮಗ ಎರಡು ತಿಂಗಳು ವ್ಯಾಳ್ಯಾ ಅದ. ಕಲೆಕ್ಟರ ಹೆಂಡತೀನ್ನೂ ಕರಕೊಂಡು ನಮ್ಮ ಓಣಿಗಿ ಬರ್ರಿ. ಚಪ್ಪರ ಭಾಳ ತಗ್ಗದ, ಒಳಗ ಬರೋವಾಗ ತಲಿ ಬಗ್ಗಸಬೇಕಾಗತದ.'